ಇನ್ನೂರ ನಲವತ್ತನೇ ಗೂಡು

ಕ್ಲಾಕ್ಸ್‌ವಿಕ್ ಬಂದರಿನ ಐಸು ಕಾರ್ಖಾನೆ, ಮೇಲಿನ ಮಹಡಿ.
ಅಲ್ಲಿ ಕೂತು ಯಾಲ್‌ಗ್ರಿಮ್ ಹಾಳೆಗೆ ಬರೆಯಲು ಕಲಿಸುತ್ತಾನೆ.
ಹಾಳೆಗಲ್ಲ, ಹಾಳೆ ಅಚ್ಚು ಮಾಡುವ ಯಂತ್ರಕ್ಕೂ ಅಲ್ಲ,
ಯಂತ್ರಕ್ಕೆ ಅಪ್ಪಣೆ ಕೊಡುವವರು ಯಾರಿದ್ದಾರೋ
ಅವರ ಬಾಯಿಗೆ ಮಾತು ಒದಗಿಸುತ್ತಾನೆ.
ಲೈಬ್ರರಿ ಅನ್ನುತ್ತಾರೆ ಇದಕ್ಕೆ. ಒಂದೂ ಪುಸ್ತಕವಿಲ್ಲ.

ಶುರುವಾದದ್ದು ಮೀನು ಹರಾಜಿನ ಚೀಟಿಗೆಂದು:
ಕಾಡ್ ಇಷ್ಟು ಕಿಲೋ, ಹ್ಯಾಡಕ್ ಇಷ್ಟು, ದೋಣಿಯ ಹೆಸರು, ದರ.
ಯಾರೋ ಎತ್ತಿಕೊಂಡರು, ಅವರಿಂದ ಇನ್ಯಾರೋ.
ಈಗ ಅವನು ಕಾಣದ ಊರುಗಳಲ್ಲಿ
ಆಸ್ಪತ್ರೆಯ ಬಿಲ್ಲು, ಜೈಲಿನ ಊಟದ ಪಟ್ಟಿ,
ಎಲ್ಲವೂ ಅವನ ಅಂಚು ಬಿಟ್ಟೇ ಅಚ್ಚಾಗುತ್ತವೆ.
ಎಡಕ್ಕೆ ಎಪ್ಪತ್ತೆರಡು ಚುಕ್ಕಿ, ಅಂದರೆ ಒಂದು ಅಂಗುಲ,
ಹಡಗಿನ ವಿಂಚಿಗೆ ಹೋದ ಅವನ ಹೆಬ್ಬೆರಳಿನ ಅಗಲ.

ಆ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ.
ಪರದೇಶದಲ್ಲಿ ನಮ್ಮ ಕಡೆಯವರು ಸಿಕ್ಕ ಹಾಗಾಯಿತು ನನಗೆ:
ಎಪ್ಪತ್ತೆರಡು, ಏಳುನೂರು, ಹೋಗು.
ಐನೂರು, ಏಳುನೂರು, ಗೆರೆ ಎಳೆ.
ಹೇಳಬೇಕಾದ್ದನ್ನೆಲ್ಲ ತಟ್ಟೆಗಳಂತೆ ಪೇರಿಸಿಟ್ಟು
ಮಾಡು ಎನ್ನುವ ಮಾತಿಗೆ ಕಾಯುವುದು.
ಎಳೆದ ಗೆರೆ ಕಾಣುವುದಿಲ್ಲ, ಮಸಿ ಹಚ್ಚು ಎನ್ನುವ ತನಕ.
ಹಚ್ಚಿದ ಮಸಿಯೂ ಕಾಣುವುದಿಲ್ಲ, ಪುಟ ತೋರಿಸು ಎನ್ನುವ ತನಕ.
ಅಲ್ಲಿ ಪುಟ ಶುರುವಾಗುವುದೂ ಕೆಳಗಿನಿಂದ,
ಎಡ ಮೂಲೆ, ಸೊನ್ನೆ, ಸೊನ್ನೆ.
ಕಡಲಮಟ್ಟದಿಂದ ಅಳೆಯುವವರಿಗೆ ಮತ್ತೆ ಹೇಗೆ, ಎಂದ ಯಾಲ್‌ಗ್ರಿಮ್.

ಗುರುವಾರ ಮೂರೂವರೆ, ಆಗಲೇ ಕತ್ತಲು.
ಮಾರ್ಯುನ್ ಮೆಟ್ಟಿಲು ಹತ್ತಿ ಬಂದಳು,
ಕೋಟಿನೊಳಗೆ ಒಂದು ಹಾಳೆ, ಮಡಿಸದೆ.
ನಾಳೆ ಹನ್ನೊಂದಕ್ಕೆ ಅವಳ ಅಮ್ಮನ ಮಣ್ಣು.
ಹಾಡುಗಳ ಸಂಖ್ಯೆ ಸರಿ, ತಾರೀಖು ಸರಿ.
ಹೆಸರಿದ್ದಲ್ಲಿ ಎರಡಕ್ಷರ, ಆಮೇಲೆ ಖಾಲಿ ಚೌಕ.

ಅಮ್ಮನ ಹೆಸರು ಎಯ್.
ನಮ್ಮಲ್ಲಾದರೆ ಬೀದಿಯಾಚೆ ಯಾರನ್ನೋ ಕೂಗಿದ ಹಾಗೆ, ಅಷ್ಟೇ.
ಬರೆಯುವಾಗ ಮಾತ್ರ ಕೊನೆಗೆ ಇನ್ನೊಂದು ಅಕ್ಷರವಿದೆ,
ಬೆನ್ನು ಬಾಗಿ, ಕೊರಳಿಗೆ ಅಡ್ಡಗೀಟು ಬಿದ್ದದ್ದು.
ಆ ದ್ವೀಪಗಳಲ್ಲಿ ಯಾರೂ ಅದನ್ನು ಉಚ್ಚರಿಸುವುದಿಲ್ಲ.
ಬರೆದದ್ದನ್ನೆಲ್ಲ ಓದಿಬಿಡುವ ಲಿಪಿಯವನು ನಾನು,
ಬಾಯಿಗೆ ಬಾರದ್ದಕ್ಕೆ ಜಾಗ ಬಿಡುವುದು ತಿಳಿಯದು.
ಮೇಲಿನ ಸಾಲಿನಲ್ಲೇ ಅದು ಬಿದ್ದುಹೋಗಿದೆ, ನೋಡಿ.

ಹೇಗೂ ಕೇಳಿಸದಲ್ಲ, ಅಂದರಂತೆ ಇಗರ್ಜಿ ಆಫೀಸಿನಲ್ಲಿ.
ಮಾರ್ಯುನ್ ಚೀಲದಿಂದ ಒಂದು ಜಾಮಿನ ಸೀಸೆ ತೆಗೆದಳು.
ಚೀಟಿಯ ಮೇಲೆ ರೂಬಾರ್ಬ್, ಇಸವಿ, ಅಮ್ಮನ ಕೈಬರಹದ ಹೆಸರು,
ಅಡ್ಡಗೀಟು ಹಿಟ್ಟಿನ ಮೇಲೆ ಚಾಕು ಎಳೆದ ಹಾಗೆ.

ಯಾಲ್‌ಗ್ರಿಮ್ ತುಸು ಹೊತ್ತು ಕನ್ನಡಕ ಒರೆಸಿದ.
ಇನ್ನೂರ ಐವತ್ತಾರು ಗೂಡು, ಗೂಡಿಗೊಂದು ಅಕ್ಷರ.
ಇನ್ನೂರ ನಲವತ್ತನೆಯದನ್ನು ಖಾಲಿ ಬಿಟ್ಟವನು ತಾನೇ.
ಕಾಡಿಗೆ ಅದು ಬೇಡ, ಹ್ಯಾಡಕ್ಕಿಗೆ ಬೇಡ.
ಒಂದು ಚಪ್ಪಟೆ ಮೀನಿನ ಹೆಸರಲ್ಲಿತ್ತು, ಹಾರಿಸಿದ.
ಮೀನು ತಕರಾರು ಮಾಡಲಿಲ್ಲ, ಕೊಂಡವರೂ.

ಸೀಸೆಯನ್ನು ದೀಪಕ್ಕೆ ಹಿಡಿದು ಅಳೆದ.
ಹೋಗು. ಬಾಗು. ಇನ್ನಷ್ಟು ಬಾಗು.
ಗೀಟನ್ನು ಕೊನೆಗೆ ಎಳೆದ, ಅವಳು ಎಳೆಯುತ್ತಿದ್ದ ಓರೆಯಲ್ಲೇ.
ಮಸಿ ಹಚ್ಚು.
ಪುಟ ತೋರಿಸು.

ನಲವತ್ತು ಪ್ರತಿ. ಇಪ್ಪತ್ತಾರನೆಯದರಲ್ಲಿ ಕಾಗದ ಸಿಕ್ಕಿಕೊಂಡಿತು,
ಅವನು ಹಡಗಿನ ಬೈಗುಳ ಬೈದ, ಅವಳಿಗೆ ನಗು ಬಂತು.
ದುಡ್ಡು ತೆಗೆದುಕೊಳ್ಳಲಿಲ್ಲ. ಸೀಸೆ ಇಟ್ಟುಕೊಂಡ,
ಗೀಟು ಮತ್ತೊಮ್ಮೆ ನೋಡಬೇಕು ಎಂಬ ನೆವದಲ್ಲಿ.

ಶನಿವಾರ ಹೊಸ ಆವೃತ್ತಿ ಹೊರಬಿತ್ತು. ಬದಲಾವಣೆಯ ಪಟ್ಟಿಯಲ್ಲಿ
ಒಂದೇ ಸಾಲು: ೨೪೦, ತುಂಬಿದೆ.
ಆಸ್ಪತ್ರೆಗಳಿಗೂ ಜೈಲುಗಳಿಗೂ ಅದು ಹೋಗಿ ಕೂತಿದೆ,
ಯಾರೂ ಕರೆದಿಲ್ಲ ಇನ್ನೂ.